ದೋಷ ಕಣ್ಣಿನದಲ್ಲ, ಪುಟದ್ದು

ಹಾಸನದಲ್ಲಿರುವ ನನ್ನ ಅಕ್ಕನಿಗೆ ಈಗ 78 ವರ್ಷ. ಮೂರು ದಶಕ ಕಾಲ ಶಾಲಾ ಮಕ್ಕಳಿಗೆ ಕನ್ನಡ ಕಲಿಸಿದವರು. ಎರಡೂ ಕಣ್ಣುಗಳ ಪೊರೆ ತೆಗೆಸಿದ ಮೇಲೂ ಅಚ್ಚಿನ ಪುಸ್ತಕದ ಸಣ್ಣ ಅಕ್ಷರಗಳು ಅವರಿಗೆ ತ್ರಾಸವಾಗಿಯೇ ಉಳಿದಿದ್ದವು. ಅಕ್ಷರಗಳನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದೆಂಬ ಕಾರಣಕ್ಕೆ ಒಂದು ಟ್ಯಾಬ್ಲೆಟ್ ಕೊಡಿಸಿ, ಅವರು ಬಹುಕಾಲದಿಂದ ಓದಬೇಕೆಂದಿದ್ದ ಕಾದಂಬರಿಯೊಂದರ ಇ-ಪುಸ್ತಕವನ್ನು ಅದರಲ್ಲಿ ಹಾಕಿಕೊಟ್ಟು ಬಂದೆ. ಹದಿನೈದು ದಿನಗಳ ಬಳಿಕ ದೂರವಾಣಿಯಲ್ಲಿ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟು: ‘ಆಗೋದಿಲ್ಲ ಕಣೋ. ನನ್ನ ಕಣ್ಣಿನ ಕಥೆ ಮುಗೀತು ಅಂತ ಕಾಣುತ್ತೆ.’

ಮುಂದಿನ ಸಲ ಹೋದಾಗ ಆ ಪುಸ್ತಕವನ್ನು ನಾನೇ ತೆರೆದು ನೋಡಿದೆ. ಅಕ್ಷರವನ್ನು ಹಿಗ್ಗಿಸಿದರೆ ಅಕ್ಷರವಷ್ಟೇ ಹಿಗ್ಗುತ್ತಿತ್ತು. ಸಾಲುಗಳ ನಡುವಣ ಅಂತರ ಇದ್ದಲ್ಲಿಯೇ ಇರುತ್ತಿತ್ತು. ಪರಿಣಾಮವಾಗಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳ ಮೇಲೆ ಕುಳಿತಿದ್ದವು. ‘ಸರ್ಕಾರ’ ಎಂಬುದು ‘ಸಕಾರ್ರ’ ಆಗಿತ್ತು, ‘ವರ್ಷ’ ಎಂಬುದು ‘ವಷರ್’ ಆಗಿತ್ತು. ಕಾಲು ಗಂಟೆಯಲ್ಲಿ ನನ್ನ ಕಣ್ಣುಗಳೂ ಸೋತವು. ದೋಷ ಅಕ್ಕನ ಕಣ್ಣುಗಳದ್ದಾಗಿರಲಿಲ್ಲ.

ಈ ದೋಷಗಳಿಗೆ ಸ್ಪಷ್ಟ ಕಾರಣಗಳಿವೆ. ಇಂಗ್ಲಿಷಿನಲ್ಲಿ ಅಕ್ಷರಗಳು ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ. ಗುಡಿಸು, ಏತ್ವಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷ್ ಪುಸ್ತಕಕ್ಕೆ ಹೊಂದುವ ಸಾಲಿನ ಅಂತರವನ್ನು ನಮ್ಮ ಪುಟಕ್ಕೆ ಹಾಗೆಯೇ ಹೇರಿದರೆ ಅಕ್ಷರಗಳು ಒಂದನ್ನೊಂದು ತುಳಿಯುವುದು ಅನಿವಾರ್ಯ. ಕನ್ನಡ ಪದಗಳು ಪ್ರತ್ಯಯಗಳು ಸೇರುತ್ತ ಹೋದಂತೆ ಉದ್ದವಾಗುತ್ತವೆ. ಕಿರಿದಾದ ತೆರೆಯ ಮೇಲೆ ಎರಡೂ ಅಂಚುಗಳನ್ನು ಸಮಗೊಳಿಸಲು ಹೊರಟರೆ ಒಂದು ಸಾಲಿನಲ್ಲಿ ಎರಡೋ ಮೂರೋ ಪದಗಳು ಉಳಿದು, ನಡುವೆ ದೊಡ್ಡ ದೊಡ್ಡ ಬಯಲುಗಳು ಕಾಣಿಸಿಕೊಳ್ಳುತ್ತವೆ.

ಅಕ್ಷರ ವಿನ್ಯಾಸದ ಆಯ್ಕೆಯೂ ಅಷ್ಟೇ ಮುಖ್ಯ. ‘ದ’ ಮತ್ತು ‘ಧ’ಗಳ ನಡುವೆ ಇರುವುದು ಅಡಿಯ ಒಂದು ಸಣ್ಣ ಸೀಳು, ‘ಥ’ಕ್ಕೆ ಅದರೊಂದಿಗೆ ಹೊಟ್ಟೆಯೊಳಗೊಂದು ಚುಕ್ಕೆ. ತೀರ ತೆಳುವಾದ ಅಕ್ಷರದಲ್ಲಿ ಈ ಸೀಳು ಮಾಸುತ್ತದೆ, ತೀರ ದಪ್ಪನೆಯದರಲ್ಲಿ ಚುಕ್ಕೆ ಮುಚ್ಚಿಹೋಗುತ್ತದೆ. ಅರ್ಥಶಾಸ್ತ್ರ ಓದಿದ ನಾನು ‘ಧನ’ವನ್ನು ‘ದನ’ವೆಂದು ಓದಿಕೊಂಡ ಪ್ರಸಂಗವೂ ಉಂಟು.

ಇನ್ನು ‘ಸಕಾರ್ರ’ದ ಕಥೆ. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಗಣಕದ ಕನ್ನಡವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವ ಉಪಾಯವಾಗಿತ್ತು. ಒಂದು ಕಚೇರಿಯ ಟಿಪ್ಪಣಿ ಇನ್ನೊಂದು ಕಚೇರಿಯ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಂತೆಯಾಗಿ ತೆರೆದುಕೊಳ್ಳುತ್ತಿತ್ತು. ಆ ವ್ಯವಸ್ಥೆಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ದಾಖಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ, ಅಂದರೆ ಮೊದಲು, ಬರಬೇಕು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಆದರೂ ಹಳೆಯ ಕಡತಗಳನ್ನು ಯಂತ್ರಕ್ಕೆ ಕೊಟ್ಟು ಪರಿವರ್ತಿಸಿ, ಕರಡು ತಿದ್ದದೆ ಪುಸ್ತಕವಾಗಿ ಮಾರುವುದರಿಂದ ಈ ಅವಾಂತರಗಳು ಉಳಿದುಕೊಂಡಿವೆ. ಹಳೆಯ ಪುಟಗಳ ಚಿತ್ರ ತೆಗೆದು ಅದನ್ನೇ ಇ-ಪುಸ್ತಕವೆನ್ನುವ ಪದ್ಧತಿಯಂತೂ ಇನ್ನೂ ಕಷ್ಟದ್ದು. ಅಲ್ಲಿ ಅಕ್ಷರ ಹಿಗ್ಗಿಸಿದರೆ ಪ್ರತಿ ಸಾಲನ್ನೂ ಬೆರಳಿನಿಂದ ಅತ್ತಿತ್ತ ಎಳೆದು ಓದಬೇಕು.

ಇದು ಕನ್ನಡ ಲಿಪಿಯ ತೊಡಕು ಎಂದು ಹೇಳುವವರಿದ್ದಾರೆ. ಆ ವಾದವನ್ನು ಒಪ್ಪಲಾಗದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಕಿಟೆಲರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಪುಟದಲ್ಲಿ ತಾಳ್ಮೆಯಿಂದ ನಿಭಾಯಿಸಿದ ಗ್ರಂಥವದು. ಮೊಳೆ ಜೋಡಿಸುವವರು ಮಾಡಿ ತೋರಿಸಿದ್ದನ್ನು ಗಣಕದಿಂದ ಮಾಡಲಾಗದು ಎನ್ನುವುದು ನೆಪ ಮಾತ್ರ. ನೋಟೊ, ಲೋಹಿತ್‌ನಂತಹ ಮುಕ್ತ ಪರವಾನಗಿಯ ಕನ್ನಡ ಅಕ್ಷರ ವಿನ್ಯಾಸಗಳು ಇಂದು ಉಚಿತವಾಗಿಯೇ ದೊರೆಯುತ್ತವೆ.

ಹಾಗಾದರೆ ಕೊರತೆ ಎಲ್ಲಿದೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಒಂದು ಮಾತನ್ನು ಸ್ಥಾಪಿಸಿದರು: ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆ. ಇ-ಪುಸ್ತಕದ ಪರಿಸ್ಥಿತಿಯೂ ಇದೇ. ಅಂಗಡಿಯಲ್ಲಿ ಪುಸ್ತಕವನ್ನು ತಿರುವಿ ನೋಡುವಂತೆ ಇಲ್ಲಿ ಎಲ್ಲ ಪುಟಗಳನ್ನು ನೋಡಿ ಕೊಳ್ಳುವಂತಿಲ್ಲ. ಎರಡು ಬಾರಿ ಮೋಸಹೋದ ಓದುಗ ಮೂರನೆಯದನ್ನು ಕೊಳ್ಳುವುದಿಲ್ಲ. ಆಗ ಶ್ರಮವಹಿಸಿ ಪುಟ ಕಟ್ಟಿದ ಪ್ರಕಾಶಕನಿಗೂ ನಷ್ಟ. ಕೊನೆಗೆ ‘ಕನ್ನಡದಲ್ಲಿ ಇ-ಪುಸ್ತಕಕ್ಕೆ ಬೇಡಿಕೆಯಿಲ್ಲ’ ಎಂಬ ತೀರ್ಮಾನ ಹೊರಬೀಳುತ್ತದೆ. ಪ್ರಕಾಶಕ ಉಳಿಸಿದ ಕೆಲವು ದಿನಗಳ ಕೆಲಸದ ಬೆಲೆಯನ್ನು ಪ್ರತಿಯೊಬ್ಬ ಓದುಗನೂ ತನ್ನ ಕಣ್ಣಿನಿಂದ ತೆರುತ್ತಾನೆ.

ಪರಿಹಾರ ದುಬಾರಿಯದಲ್ಲ. ಪಠ್ಯ ಯೂನಿಕೋಡ್‌ನಲ್ಲಿರಲಿ. ಪರಿವರ್ತನೆಯ ನಂತರ ಕನ್ನಡ ಬಲ್ಲವರೊಬ್ಬರು ಕರಡು ತಿದ್ದಲಿ. ಸಾಲಿನ ಅಂತರ ಅಕ್ಷರದ ಗಾತ್ರದೊಂದಿಗೆ ಬೆಳೆಯುವಂತೆ, ಕನಿಷ್ಠ ಅದರ ಒಂದೂವರೆ ಪಟ್ಟು ಇರುವಂತೆ ನೋಡಿಕೊಳ್ಳಲಿ. ಮಾರುವ ಮುನ್ನ ಒಂದು ಫೋನಿನಲ್ಲಿ, ಒಂದು ಟ್ಯಾಬ್ಲೆಟ್‌ನಲ್ಲಿ ಪುಸ್ತಕವನ್ನು ತೆರೆದು, ಅಕ್ಷರ ಹಿಗ್ಗಿಸಿ ಪರೀಕ್ಷಿಸಲಿ. ಕೆಲವು ಪುಟಗಳ ಮಾದರಿಯನ್ನು ಓದುಗರಿಗೆ ಉಚಿತವಾಗಿ ತೋರಿಸಲಿ. ಸಾರ್ವಜನಿಕ ಹಣದಿಂದ ಇ-ಪುಸ್ತಕ ಕೊಳ್ಳುವ ಸಂಸ್ಥೆಗಳು ಇವಿಷ್ಟನ್ನು ಖರೀದಿಯ ಷರತ್ತನ್ನಾಗಿ ಮಾಡಬೇಕು. ಸರ್ಕಾರಿ ಕಟ್ಟಡಕ್ಕೆ ಸಿಮೆಂಟಿನ ಗುಣಮಟ್ಟ ನಿಗದಿಪಡಿಸುವ ನಾವು ಪುಸ್ತಕಕ್ಕೇಕೆ ನಿಗದಿಪಡಿಸಬಾರದು?

ಅಂದು ಹಾಸನದಲ್ಲಿ, ಅಚ್ಚುಕಟ್ಟಾಗಿ ರೂಪಿಸಿದ ಇನ್ನೊಂದು ಇ-ಪುಸ್ತಕವನ್ನು ಹುಡುಕಿ ಅಕ್ಕನ ಕೈಗಿತ್ತೆ. ಅಕ್ಷರವನ್ನು ದೊಡ್ಡದು ಮಾಡಿಕೊಂಡು ಅವರು ರಾತ್ರಿ ಊಟದ ಹೊತ್ತಿನವರೆಗೂ ತಲೆಯೆತ್ತದೆ ಓದಿದರು. ಮಧ್ಯೆ ಒಮ್ಮೆ, ‘ಇದು ಕಾಣುತ್ತೆ ಕಣೋ’ ಎಂದರು. ಆದರೆ ಆ ಮೊದಲ ಪುಸ್ತಕವನ್ನು ಕೊಂಡು, ಹೇಳುವವರಿಲ್ಲದೆ, ತಮ್ಮ ಕಣ್ಣುಗಳೇ ಹೋದವೆಂದು ನಂಬಿ ಓದನ್ನು ಬಿಟ್ಟ ಹಿರಿಯರು ಇನ್ನೆಷ್ಟು ಮಂದಿ ಇದ್ದಾರೋ?