ಶಿಶುವಿನ ಕೌದಿ

ಮಳೆಗಾಲದಲ್ಲಿ ಹುಟ್ಟಿದ ಕೂಸನ್ನು ಬೆಚ್ಚಗಿಡುವುದಕ್ಕೆ ದಪ್ಪವಾದ ಹೊದಿಕೆಯೇ ಬೇಕೆಂದು ಅನೇಕ ತಾಯಂದಿರು ಎಣಿಸುತ್ತಾರೆ. ಆದರೆ ಬೆಚ್ಚಗಿಡುವಂಥಾದ್ದು ಬಟ್ಟೆಯ ಭಾರವಲ್ಲ. ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ಆ ಗಾಳಿಯ ಸ್ಥಳವನ್ನು ನೀರು ತುಂಬಿತೆಂದರೆ ಎಷ್ಟು ದಪ್ಪನೆಯ ಕೌದಿಯಾದರೂ ತಣ್ಣಗಾಗುವುದು. ನೇತ್ರಾವತಿಗೆ ಸಮೀಪವಾದ ನಮ್ಮ ಮೆಲ್ಕಾರಿನಲ್ಲಿ ಜೂನಿನಿಂದ ಸಪ್ಟಂಬರದ ವರೆಗೆ ಚಳಿಗಿಂತಲೂ ತೇವವೇ ದೊಡ್ಡ ಶತ್ರು. ಆದುದರಿಂದ ಬೇಗನೆ ಒಗೆದು ಒಣಗಿಸಬಹುದಾದ ಕೌದಿಯೇ ಇಲ್ಲಿಗೆ ತಕ್ಕದ್ದು.

ಒಳಗೆ ಏನನ್ನು ಹಾಕತಕ್ಕದ್ದು? ಬೂರುಗದ ಅರಳೆಯು ಹಗುರವಾದರೂ ಜಾರುವ ಗುಣವುಳ್ಳದ್ದು, ಒಗೆದರೆ ಗಂಟುಗಟ್ಟುವುದು. ಅದು ದಿಂಬಿಗೆ ಒಳ್ಳೆಯದು, ಕೌದಿಗಲ್ಲ. ಹಿಂಜಿದ ಹತ್ತಿಯು ಮೃದುವಾದದ್ದು. ಆದರೆ ನೆನೆದರೆ ಒಣಗಲು ದಿನಗಳು ಬೇಕು. ಪಾಲಿಯೆಸ್ಟರ್ ನಾರು ಶೀಘ್ರವಾಗಿ ಒಣಗುವುದು, ಆದರೆ ಬೆವರನ್ನು ಹೀರದು. ಧಾರವಾಡ ಸೀಮೆಯ ಕೌದಿಯಲ್ಲಿಯೂ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಸ್ತ್ರೀಯರ ಕವಂದಿಯಲ್ಲಿಯೂ ಹಳೆಯ ಬಟ್ಟೆಗಳೇ ಉಪಯೋಗವಾಗುತ್ತವೆ. ನಮಗೂ ಸವೆದು ಮೆತ್ತಗಾದ ನೂಲಿನ ಸೀರೆಯ ಎರಡು ಪದರಗಳು ಸಾಕು.

ಬಟ್ಟೆಗಳನ್ನು ಮೊದಲೇ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇಲ್ಲವಾದರೆ ಹೊಲಿದ ಮೇಲೆ ಒಂದು ಪದರವು ಕುಗ್ಗಿ ಮತ್ತೊಂದು ನೆರಿಗೆಗಟ್ಟುವುದು. 36 ಅಂಗುಲ ಚೌಕದ ಎರಡು ಹೊರಬಟ್ಟೆಗಳ ನಡುವೆ, ನಾಲ್ಕೂ ಕಡೆ 1 ಅಂಗುಲ ಕಿರಿದಾದ ಒಳಪದರಗಳನ್ನು ಹಾಸಿರಿ. ಹೀಗೆ ಮಾಡಿದರೆ ಅಂಚು ಗಡುಸಾಗದು. ನಡುವಿನಿಂದ ಹೊರಕ್ಕೆ ನೀವಿ ಕಚ್ಚಾ ಹೊಲಿಗೆ ಹಾಕಿ, ಅನಂತರ 2 ಅಂಗುಲಕ್ಕೊಂದು ಸಾಲಿನಂತೆ ಸಣ್ಣ ಹೊಲಿಗೆಯಿಂದ ಭದ್ರಪಡಿಸಿರಿ. ಹತ್ತಿಯನ್ನೇ ಇಡುವವರು ಎರಡು ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಹರಡಿ, ಸಾಲುಗಳನ್ನು ಇನ್ನೂ ಒತ್ತಾಗಿ ಹಾಕತಕ್ಕದ್ದು. ಗುಂಡಿ, ಮಣಿ, ಲಾಡಿಗಳು ಬೇಡ. ಸೂಜಿಗಳನ್ನು ಆರಂಭದಲ್ಲಿ ಎಣಿಸಿದಂತೆ ಕೊನೆಯಲ್ಲಿಯೂ ಎಣಿಸಿರಿ.

ಇನ್ನು ಎಲ್ಲಕ್ಕೂ ಮುಖ್ಯವಾದ ಮಾತು. ಒಂದು ವರ್ಷ ತುಂಬುವವರೆಗೆ, ನಿದ್ರಿಸುವ ಶಿಶುವಿನ ಮೇಲೆ ಸಡಿಲವಾದ ಕೌದಿಯನ್ನಾಗಲಿ ಕೆಳಗೆ ಮೆತ್ತನೆಯ ಹಾಸನ್ನಾಗಲಿ ಇಡಬಾರದೆಂದು ಇಂದಿನ ಶಿಶುವೈದ್ಯರು ಬೋಧಿಸುತ್ತಾರೆ. ಮೂಗು ಬಾಯಿ ಮುಚ್ಚಿದರೆ ಸರಿಸಿಕೊಳ್ಳುವ ಶಕ್ತಿ ಎಳೆಗೂಸಿಗೆ ಇಲ್ಲ. ಅತಿಯಾದ ಸೆಕೆಯೂ ಅಪಾಯಕರ. ನಿದ್ರೆಗೆ ಸಮನಾದ ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಿ, ಮೈಗೊಪ್ಪುವ ಹತ್ತಿಯ ಅಂಗಿ ತೊಡಿಸಿದರೆ ಸಾಕು. ಕೌದಿಯು ಎಚ್ಚತ್ತ ಕೂಸನ್ನು ಆಡಿಸುವುದಕ್ಕೂ, ಹಿರಿಯರು ಮಡಿಲಲ್ಲಿ ಎತ್ತಿಕೊಳ್ಳುವುದಕ್ಕೂ ಇರಲಿ.

ಚಳಿಯೋ ಸೆಕೆಯೋ ತಿಳಿಯಬೇಕಾದರೆ ಕೂಸಿನ ಕೈಕಾಲುಗಳನ್ನಲ್ಲ, ಎದೆಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಮುಟ್ಟಿ ನೋಡಿರಿ. ಅಲ್ಲಿ ಬೆವರಿದ್ದರೆ ಒಂದು ಪದರವನ್ನು ತೆಗೆಯತಕ್ಕದ್ದು.