ಹಳೆಯ ಕಂಪ್ಯೂಟರಿಗೆ ಹಗುರವಾದ ತಂತ್ರಾಂಶ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಇಂಟೆಲ್ ಯಂತ್ರಗಳಲ್ಲಿ ಬಹುತೇಕ ಎಂಟನೆಯ ಅಥವಾ ಅನಂತರದ ಪೀಳಿಗೆಯ ಪ್ರೊಸೆಸರನ್ನೂ ಬೇಡುವುದರಿಂದ, ಯಾವ ಭಾಗವೂ ಕೆಡದ ಅಸಂಖ್ಯ ಕಂಪ್ಯೂಟರುಗಳು ಗುಜರಿಯ ಹಾದಿ ಹಿಡಿಯುವ ಸ್ಥಿತಿ ಬಂದಿದೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕಾಲು ಭಾಗವೂ ಕ್ರಮಬದ್ಧವಾಗಿ ಸಂಗ್ರಹವಾಗಲಿಲ್ಲವೆಂಬ ವಿಶ್ವಸಂಸ್ಥೆಯ ಲೆಕ್ಕವನ್ನು ನೆನೆದರೆ, ಇದು ಉಪೇಕ್ಷಿಸಬಹುದಾದ ಸಂಗತಿಯಲ್ಲ.

ಯಂತ್ರ ಹಳತಾಗಿ ನಿಧಾನವಾಯಿತೆಂಬ ದೂರಿನ ಹಿಂದೆ ಸಾಮಾನ್ಯವಾಗಿ ಪ್ರೊಸೆಸರಿನ ಸವೆತವಿರುವುದಿಲ್ಲ. ಅದರ ಮೇಲೆ ಹೇರಿದ ತಂತ್ರಾಂಶದ ಭಾರ ವರ್ಷದಿಂದ ವರ್ಷಕ್ಕೆ ಏರಿರುತ್ತದೆ. ಕಂಪ್ಯೂಟರು ಸದ್ಯ ನಡೆಸುತ್ತಿರುವ ಕೆಲಸದ ಮಾಹಿತಿಯನ್ನೆಲ್ಲ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಅದು ತುಂಬಿದಾಗ ಕೆಲವು ಭಾಗಗಳನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ; ಈ ಅದಲುಬದಲಿಗೆ ಸ್ವಾಪಿಂಗ್ ಎಂದು ಹೆಸರು. ತಿರುಗುವ ತಟ್ಟೆಯ ಮೇಲೆ ಓದುಮುಳ್ಳು ಸರಿಯಾದ ಜಾಗಕ್ಕೆ ತಲುಪಲು ಪ್ರತಿ ಸಲವೂ ಸುಮಾರು 10 ಮಿಲಿಸೆಕೆಂಡು ಹಿಡಿಯುವುದರಿಂದ, ಇಂಥ ಸಾವಿರಾರು ಓಡಾಟಗಳು ಕೂಡಿದಾಗ ಯಂತ್ರ ಸ್ತಬ್ಧವಾದಂತೆ ತೋರುತ್ತದೆ. ಮೌಸ್ ಅಲುಗದೆ ನಿಂತು, ಡಿಸ್ಕಿನ ಪುಟ್ಟ ದೀಪ ಮಾತ್ರ ಒಂದೇ ಸಮನೆ ಮಿಟುಕುತ್ತಿದ್ದರೆ ಅದೇ ಇದರ ಕುರುಹು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇಲ್ಲಿ ನೆರವಾಗುತ್ತದೆ. ಇದರಲ್ಲಿ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಕಿಟಕಿ, ಮೆನುಗಳ ವ್ಯವಸ್ಥೆಯು, ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಿಂದ ಬೇರೆಯಾಗಿರುವುದರಿಂದ, ಭಾರವಾದುದನ್ನು ಬಿಟ್ಟು ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಗಳಂಥ ಹಗುರವಾದುದನ್ನು ಆರಿಸಿಕೊಳ್ಳಬಹುದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಮತ್ತು ಲುಬುಂಟು 4 ಜಿಬಿ ರ್‍ಯಾಮ್ ಇರುವ ಯಂತ್ರಗಳಿಗೆ ಒಗ್ಗುತ್ತವೆ. ಅದಕ್ಕಿಂತ ಬಡವಾದವಕ್ಕೆ ಆಂಟಿಎಕ್ಸ್, ಪಪ್ಪಿ ಲಿನಕ್ಸ್ ಇವೆ. ಐಬಸ್ ಎಂಬ ಸಾಧನದ ಮೂಲಕ ಇವುಗಳಲ್ಲಿ ಕನ್ನಡ ಟೈಪಿಸುವುದೂ ಸಾಧ್ಯ. ಡಿಸ್ಕನ್ನು ಮುಟ್ಟದೆಯೇ ಪೆನ್ ಡ್ರೈವಿನಿಂದ ಇವನ್ನು ನಡೆಸಿ, ವೈಫೈ, ಧ್ವನಿ, ಪ್ರಿಂಟರುಗಳನ್ನು ಪರೀಕ್ಷಿಸಿದ ಮೇಲೆ, ಕಡತಗಳ ಪ್ರತಿ ತೆಗೆದಿರಿಸಿಕೊಂಡು ಅಳವಡಿಸುವುದು ಕ್ಷೇಮ.

ಆದರೆ ಬ್ರೌಸರಿನ ಹಸಿವನ್ನು ಯಾವ ಹಗುರ ವ್ಯವಸ್ಥೆಯೂ ತಣಿಸಲಾರದು. ಇಂದಿನ ಕೆಲವು ಜಾಲಪುಟಗಳು ಇಡೀ ಕಾರ್ಯಾಚರಣಾ ವ್ಯವಸ್ಥೆಗಿಂತ ಹೆಚ್ಚು ಸ್ಮೃತಿಯನ್ನು ಬಳಸುವುದರಿಂದ, 2 ಜಿಬಿ ಯಂತ್ರದಲ್ಲಿ ಎರಡು-ಮೂರು ಪುಟಗಳಿಗೇ ತೃಪ್ತಿಪಡಬೇಕಾಗುತ್ತದೆ. ಖರ್ಚು ಮಾಡಲು ಸ್ವಲ್ಪವೇ ಹಣವಿದ್ದರೆ ಅದು ಮೊದಲು ಎಸ್‌ಎಸ್‌ಡಿಗೆ ಸಲ್ಲಬೇಕು. ತಿರುಗುವ ಭಾಗಗಳಿಲ್ಲದ ಈ ಸಂಗ್ರಾಹಕವು ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ.

ಹಗುರವೆಂದರೆ ಹಳೆಯ ಆವೃತ್ತಿಯೆಂದು ಭಾವಿಸುವುದು ಅಪಾಯಕರ. ಭದ್ರತಾ ಪರಿಷ್ಕರಣೆಗಳು ನಿಂತ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ಸಲ್ಲದು. 32 ಬಿಟ್ ಪ್ರೊಸೆಸರುಗಳ ಪಾಡು ಇಲ್ಲಿ ಬಿಗಡಾಯಿಸುತ್ತಿದೆ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಆವೃತ್ತಿ, ಅವುಗಳಿಗೆ ಅಳವಡಿಕೆಯ ಪ್ರತಿಯನ್ನು ಒದಗಿಸುವುದನ್ನು ನಿಲ್ಲಿಸಿದೆ. ಅಂಥ ಯಂತ್ರಗಳನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಬರವಣಿಗೆಗೋ ಲೆಕ್ಕಪತ್ರಕ್ಕೋ ಮಕ್ಕಳ ಟೈಪಿಂಗ್ ಅಭ್ಯಾಸಕ್ಕೋ ಮೀಸಲಿಡುವುದು ವಿವೇಕ.