ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಮಕ್ಕಳ ಓದಿಗೆಂದು ಕಂತಿನಲ್ಲಿ ಕೊಂಡ ಕಂಪ್ಯೂಟರ್ ಎಂಟು–ಹತ್ತು ವರ್ಷ ದುಡಿದು ಮೂಲೆ ಸೇರಿದೆಯೇ? ಆಲಸನತ್ತಂ, ಹೊಸೂರು ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ ಇಂಥ ಯಂತ್ರಗಳು ಕಡಿಮೆಯಿಲ್ಲ. ಕಾರ್ಖಾನೆಯ ಸಂಬಳದಲ್ಲಿ ಮನೆ ನಡೆಸುವವರಿಗೆ ಹೊಸ ಲ್ಯಾಪ್‌ಟಾಪ್ ಎಂದರೆ ಸಣ್ಣ ಖರ್ಚಲ್ಲ. ಆ ಖರ್ಚಿಗೆ ಕೈ ಹಾಕುವ ಮುನ್ನ ಇನ್ನೊಂದು ದಾರಿಯನ್ನು ನೋಡೋಣ.

ತೊಂದರೆ ಎಲ್ಲಿದೆ?

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ಗಟ್ಟಿಮುಟ್ಟಾಗಿರುವ ಯಂತ್ರವೂ ‘ಹಳೆಯದು’ ಎನಿಸಿಕೊಳ್ಳುತ್ತದೆ.

ಆಗ ಹಲವರು ಹಿಡಿಯುವ ದಾರಿಗಳು ಎರಡು. ಒಂದು, ರಕ್ಷಣೆಯಿಲ್ಲದ ಯಂತ್ರದಲ್ಲೇ ಬ್ಯಾಂಕ್ ವ್ಯವಹಾರ ಮುಂದುವರಿಸುವುದು. ಇನ್ನೊಂದು, ಅಂಗಡಿಯಲ್ಲಿ ನಕಲಿ ತಂತ್ರಾಂಶ ಹಾಕಿಸುವುದು. ನಕಲಿಯ ಜೊತೆ ವೈರಸ್ ಬರುವ ಅಪಾಯವಂತೂ ಇದ್ದೇ ಇದೆ. ಅದಕ್ಕಿಂತ ಮುಖ್ಯವಾಗಿ, ಮಕ್ಕಳಿಗೆ ಹತ್ತು ಕಟ್ಟಳೆಗಳನ್ನು ಕಲಿಸುವ ನಾವು, ಅವರು ಪಾಠ ಓದುವ ಯಂತ್ರದೊಳಗೇ ಕದ್ದ ಮಾಲನ್ನು ಇಡಬಹುದೇ?

ಮುಚ್ಚಿಡದ ಪಾಕ

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಬರೆದರು. ಇವೆರಡೂ ಕೂಡಿ ಬೆಳೆದದ್ದೇ ಇಂದಿನ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಅಡುಗೆಯ ಪಾಕವನ್ನು ಮುಚ್ಚಿಡದೆ ನೆರೆಮನೆಗೂ ಹೇಳಿಕೊಟ್ಟಂತೆ, ಇದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಲೂಬಹುದು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಇದರ ಬೇರೆ ಬೇರೆ ರೂಪಗಳು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಚೆನ್ನೈನ ಸಿ–ಡ್ಯಾಕ್ 2007ರಲ್ಲಿ ‘ಬಾಸ್’ ಎಂಬ ಭಾರತೀಯ ಲಿನಕ್ಸನ್ನು ಹೊರತಂದಿತು. ಸುಮಾರು ಅದೇ ಕಾಲದಲ್ಲಿ ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ, ಸಿ. ಉಮಾಶಂಕರ್ ಅವರ ಮುಂದಾಳತ್ವದಲ್ಲಿ ತನ್ನ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ಬದಲಿಸಿತು. 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್ ಕೂಡ ಇತ್ತು. ಎಷ್ಟು ಮನೆಗಳಲ್ಲಿ ಆ ಎರಡನೆಯ ಬಾಗಿಲನ್ನು ತೆರೆದು ನೋಡಿದರು? ಅತ್ತ ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಮುಕ್ತ ತಂತ್ರಾಂಶದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹೀಗೆಯೇ ಕಲಿಯುತ್ತಾರೆ.

ಕನ್ನಡದ ಗತಿಯೇನು?

ಗಡಿನಾಡಿನ ನಮಗೆ ಇದು ಮುಖ್ಯ ಪ್ರಶ್ನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು. ಮೂರಕ್ಕೂ ಲಿನಕ್ಸ್‌ನಲ್ಲಿ ಕೀಲಿಮಣೆ ಉಂಟು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ ಬಳಸಿದವರಿಗೆ ಪರಿಚಿತವಾದ ಕೀಲಿಮಣೆ ಇಲ್ಲಿ ‘ಕಗಪ’ ಎಂಬ ಹೆಸರಿನಲ್ಲಿದೆ. ಪರದೆಯ ಮೇಲಿನ ಮಾತುಗಳಲ್ಲಿ ಕೆಲವು ಕನ್ನಡಕ್ಕೆ ಬದಲಾಗುತ್ತವೆ, ಎಲ್ಲವೂ ಅಲ್ಲ.

ಒಂದು ಎಚ್ಚರಿಕೆ: ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಸಂಘಗಳ ವರದಿ, ಹಾಡಿನ ಹಾಳೆಗಳು ಹೀಗಿದ್ದರೆ ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಬದಲಾಯಿಸುವ ಬಗೆ

1. ಮೊದಲು ಫೋಟೋ, ಅಂಕಪಟ್ಟಿ, ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಈ ಹೆಜ್ಜೆಯನ್ನು ಬಿಡಲೇಬೇಡಿ.

2. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ‘ಎಕ್ಸ್‌ಎಫ್‌ಸಿಇ’ ರೂಪ ಹಗುರ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಒಳ್ಳೆಯದು. ಅದನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ.

3. ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಆರಂಭಿಸಿ. ಏನನ್ನೂ ಅಳಿಸದೆ ಒಂದೆರಡು ದಿನ ಹೀಗೆಯೇ ಬಳಸಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಪರೀಕ್ಷಿಸಿ.

4. ಮನಸ್ಸಿಗೆ ಒಪ್ಪಿದರೆ ಮಾತ್ರ ಸ್ಥಾಪಿಸಿ. ವಿಂಡೋಸ್ ಜೊತೆಯಲ್ಲೂ ಇಡಬಹುದು, ಪೂರ್ತಿ ಅಳಿಸಿಯೂ ಹಾಕಬಹುದು. ಎರಡನೆಯದನ್ನು ಆರಿಸಿದರೆ ಹಿಂದಿನದೇನೂ ಉಳಿಯದು.

ಯಾರಿಗೆ ಬೇಡ?

ಎಲ್ಲರಿಗೂ ಇದು ಹೊಂದುತ್ತದೆ ಎನ್ನಲಾಗದು. ಮೈಕ್ರೋಸಾಫ್ಟ್ ಆಫೀಸ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಬದಲಿಗೆ ಲಿಬ್ರೆ ಆಫೀಸ್ ಇದೆ. ವರ್ಡ್ ಕಡತಗಳನ್ನು ತೆರೆಯುತ್ತದೆ, ಆದರೆ ಪುಟದ ಜೋಡಣೆ ಕೆಲವೊಮ್ಮೆ ಅತ್ತಿತ್ತ ಸರಿಯುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ವಿಂಡೋಸ್ ಕೇಳುವ ಆನ್‌ಲೈನ್ ಪರೀಕ್ಷೆಗೆ ಕೂರುವ ಮಕ್ಕಳು ವಿಂಡೋಸನ್ನು ಬಿಡಲಾಗದು. ಇನ್ನು, ಲಿನಕ್ಸ್‌ನಲ್ಲಿದ್ದರೂ ಒಟಿಪಿ ಕೇಳುವ ಮೋಸಗಾರನಿಂದ ನಮ್ಮನ್ನು ಕಾಯುವುದು ನಮ್ಮ ಎಚ್ಚರವೇ.

ಆದರೆ ಪಾಠ ಕೇಳಲು, ಪತ್ರ ಬರೆಯಲು, ಬಿಲ್ ಕಟ್ಟಲು, ದೂರದಲ್ಲಿರುವ ಮಕ್ಕಳ ಮುಖ ನೋಡಲು ಇಷ್ಟು ಸಾಕು. ಮನೆಯ ಹಿರಿಯರಿಗೆ ಮೊದಲ ವಾರ ಕಿರಿಕಿರಿಯಾದೀತು. ಮಕ್ಕಳು ಪಕ್ಕದಲ್ಲಿ ಕುಳಿತು ತೋರಿಸಲಿ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಬಾಸ್ ನೋಡಿದ ಯುವಕರು ನಮ್ಮಲ್ಲೇ ಇದ್ದಾರೆ. ಅವರಲ್ಲಿ ಒಬ್ಬಿಬ್ಬರು ಬಿಡುವಿನ ಒಂದು ಭಾನುವಾರ ನೆರೆಯವರ ಯಂತ್ರಕ್ಕೆ ಕೈ ಹಚ್ಚಿದರೆ, ಮೂಲೆ ಸೇರಿದ ಎಷ್ಟೋ ಕಂಪ್ಯೂಟರುಗಳು ಮತ್ತೆ ಮಕ್ಕಳ ಮೇಜಿಗೆ ಬಂದಾವು.